ಫಿಲ್ಟರ್ ಹಾಕಿದ ಮೇಲೆ ನಿಂತ ಲಾರಿ

ರಾತ್ರಿ ಹನ್ನೊಂದೂವರೆಗೆ ಡ್ರೈವರ್ ಫೋನ್ ಬಂತು. ಚಿಕ್ಕಪ್ಪ ಸ್ಪೀಕರ್ ಹಾಕಿ ನನ್ನ ಮುಂದೆ ಹಿಡಿದರು.

"ಅಣ್ಣ, ಗುಂಡ್ಯ ದಾಟಿ ಏರಿನಲ್ಲಿ ನಿಂತುಬಿಟ್ಟಿದೆ. ಪಿಕಪ್ಪೇ ಇಲ್ಲ. ಕರಿಹೊಗೆ ಇಲ್ಲ, ಏನೂ ಸದ್ದಿಲ್ಲ. ಸೊರಗಿ ಸೊರಗಿ ಆಫ್ ಆಗ್ತಿದೆ. ಡೀಸೆಲ್ ಪೈಪಿನೊಳಗಿನ ಏರ್ ತೆಗೆದ್ರೆ ಎರಡು ಕಿಲೋಮೀಟರ್ ಓಡುತ್ತೆ. ಆಮೇಲೆ ಮತ್ತೆ ಅದೇ."

ಅದಕ್ಕೆ ಮೂರು ವಾರ ಮುಂಚೆ ನಾನೇ ಪಕ್ಕದಲ್ಲಿ ನಿಂತು ಆ ಲಾರಿಗೆ ಇನ್ನೊಂದು ಡೀಸೆಲ್ ಫಿಲ್ಟರ್ ಹಾಕಿಸಿದ್ದೆ. ಚಿಕ್ಕಪ್ಪ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಜಾಸ್ತಿ ಚುಚ್ಚಿತು.

ಲಾರಿ 2003ರ ಮಾಡೆಲ್. ಆರು ಚಕ್ರ, ಆರು ಸಿಲಿಂಡರ್, ಕಂಪ್ಯೂಟರ್ ಇಲ್ಲದ ಹಳೇ ಎಂಜಿನ್. ಸಿಲಿಂಡರಿನೊಳಗೆ ಡೀಸೆಲ್ ಸಿಂಪಡಿಸುವ ನಾಜಲ್‌ಗಳಿಗೆ ಡೀಸೆಲ್ ಹೊಡೆಯುವುದು ಸಾಲಾಗಿ ಆರು ಪ್ಲಂಜರ್ (ಮೇಲೆ ಕೆಳಗೆ ಆಡುವ ಸಣ್ಣ ಕಡ್ಡಿ) ಇರುವ ಇನ್‌ಲೈನ್ ಪಂಪ್. ನಿಲ್ಲುವುದು ಯಶವಂತಪುರದ ಟ್ರಕ್ ಟರ್ಮಿನಲ್ ಹತ್ತಿರ. ಹೋಗುವಾಗ ಸಿಕ್ಕ ಲೋಡು, ಬರುವಾಗ ಪಣಂಬೂರಿನಿಂದ ಗೊಬ್ಬರದ ಮೂಟೆ, ಸುಮಾರು 10 ಟನ್. ಶಿರಾಡಿ ಘಾಟಿಯನ್ನು ಲೋಡಿನಲ್ಲೇ ಹತ್ತಬೇಕು.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಹೈಡ್ರಾಲಿಕ್ ಪ್ರೆಸ್‌ಗಳ ಮೇಂಟೆನೆನ್ಸ್ ನೋಡುವವನು. ಆಯಿಲ್ ಫಿಲ್ಟರ್, ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಪ್ರೆಶರ್ ಗೇಜ್ ಎಲ್ಲ ನನಗೆ ದಿನದ ಊಟ. ಅದಕ್ಕೇ ಸ್ವಲ್ಪ ಜಂಬ ಇತ್ತು. ಈ ಪ್ರಕರಣದಲ್ಲಿ ದೊಡ್ಡ ತಪ್ಪುಗಳು ಮೂರು. ಅದರಲ್ಲೊಂದು ನನ್ನದು.

ಅಲ್ಲಿಯವರೆಗೆ ನಡೆದದ್ದು

ಮಳೆಗಾಲದ ನಡುವೆ ಮೊದಲ ಸಲ ಲಾರಿ ಮಿಸ್ಸಿಂಗ್ ಹೊಡೆಯಿತು. ಸ್ಟಾರ್ಟ್ ಆಗಲು ತಡ, ಐಡಲ್‌ನಲ್ಲಿ ಕುಲುಕಾಟ. ಮೇಸ್ತ್ರಿ ಫಿಲ್ಟರ್ ಕಪ್ ಬಿಚ್ಚಿದರೆ ತಳದಲ್ಲಿ ಒಂದು ಬೆರಳು ನೀರು, ಅದರ ಮೇಲೆ ಡೀಸೆಲ್. ಹಳೇ ಲಾರಿಗಳಲ್ಲಿ ಸಾಮಾನ್ಯವಾಗಿ ಎರಡು ಕಪ್ ಜೋಡಿಯಾಗಿರುತ್ತವೆ. ಮೊದಲನೆಯದರಲ್ಲಿ ಬಟ್ಟೆಯ ಎಲಿಮೆಂಟ್ (ಸೋಸುವ ಭಾಗ), ಎರಡನೆಯದರಲ್ಲಿ ಪೇಪರ್. ಬಟ್ಟೆಯದನ್ನು ತೊಳೆದು ಮತ್ತೆ ಹಾಕುವ ರೂಢಿ. ಇವರೂ ತೊಳೆದರು, ಪೇಪರ್ ಹೊಸದು ಹಾಕಿದರು. ಒಂದು ಟ್ರಿಪ್ ಚೆನ್ನಾಗಿ ಓಡಿತು. ಆಮೇಲೆ ಮತ್ತೆ ಅದೇ ಕಾಟ, ಕೊನೆಗೆ ಪಂಪನ್ನೇ ಬಿಚ್ಚಿಸಬೇಕಾಯಿತು.

ಚಿಕ್ಕಪ್ಪನ ಮೊದಲ ಅನುಮಾನ ಬಂಕಿನ ಮೇಲೆ. ಡೀಸೆಲ್ ಹಾಕಿಸಿದ ಬಂಕಿನಲ್ಲೇ ಒಂದು ಗಾಜಿನ ಬಾಟಲಿಗೆ ಹಿಡಿಸಿ ರಾತ್ರಿಯಿಡೀ ಇಟ್ಟೆವು. ತಳದಲ್ಲಿ ನೀರಿನ ಗುಳ್ಳೆ ಇಲ್ಲ, ಮಸುಕಿಲ್ಲ. ಡೀಸೆಲ್ ಸಾಂದ್ರತೆ ಸಾಮಾನ್ಯವಾಗಿ ಲೀಟರಿಗೆ 820ರಿಂದ 845 ಗ್ರಾಂ. ನೀರು 1000. ನೀರಿದ್ದರೆ ಕೆಳಗೆ ಕೂರಲೇಬೇಕು. ಕೂರಲಿಲ್ಲ. ಬಂಕ್ ಪಾಪ, ಅದರದೇನೂ ತಪ್ಪಿರಲಿಲ್ಲ.

"ಈ ಬಿಎಸ್6 ಡೀಸೆಲ್ ಬಂದ ಮೇಲೆ ಹಳೇ ಪಂಪ್ ಎಲ್ಲಾ ಹೋಗ್ತಿದೆ, ಅದರಲ್ಲಿ ಜಿಡ್ಡೇ ಇಲ್ಲ" ಅನ್ನುವ ವಾದ ಟರ್ಮಿನಲ್‌ನಲ್ಲಿ ಜೋರಾಗಿದೆ. ಬಿಎಸ್6 ಅನ್ನುವ ಹೊಗೆ ಮಾನದಂಡಕ್ಕಾಗಿ ಡೀಸೆಲ್‌ನಲ್ಲಿ ಗಂಧಕ ಕಡಿಮೆಯಾಗಿದ್ದು ನಿಜ. ಈ ಲಾರಿ ಹೊಸದಾಗಿದ್ದಾಗ ದೊಡ್ಡ ನಗರಗಳ ಡೀಸೆಲ್‌ನಲ್ಲೇ ಗಂಧಕದ ಮಿತಿ 500 ಪಿಪಿಎಂ (ಹತ್ತು ಲಕ್ಷದಲ್ಲಿ 500 ಪಾಲು) ಇತ್ತು, ಉಳಿದ ಕಡೆ ಇನ್ನೂ ಜಾಸ್ತಿ. 2020ರ ಏಪ್ರಿಲ್‌ನಿಂದ ದೇಶದಲ್ಲೆಲ್ಲ 10 ಪಿಪಿಎಂ. ಗಂಧಕ ತೆಗೆಯುವಾಗ ಜಾರಿಕೆ ಗುಣವೂ ಸ್ವಲ್ಪ ಹೋಗುತ್ತದೆ, ಅದಕ್ಕೇ ಜಾರಿಕೆಗೂ ಮಾನದಂಡದಲ್ಲಿ ಒಂದು ಮಿತಿ ಇಟ್ಟು, ಬೇಕಾದ ರಾಸಾಯನಿಕ ಸೇರಿಸುತ್ತಾರೆ. ನಮ್ಮ ಪಂಪ್ ಬಿಚ್ಚಿದಾಗ ಕಂಡದ್ದು ಜಿಡ್ಡಿಲ್ಲದ ಸವೆತ ಅಲ್ಲ. ಪ್ಲಂಜರ್ ಮೇಲೆ ಉಗುರಿಗೆ ತಾಗುವ ಗೀರು, ಡೆಲಿವರಿ ವಾಲ್ವ್ ಸುತ್ತ ಕಂದು ತುಕ್ಕು. ಅದು ನೀರಿನ ಕೆಲಸ.

ಪ್ಲಂಜರ್‌ಗೂ ಅದರ ಬ್ಯಾರಲ್‌ಗೂ ನಡುವಿನ ಸಂದು 2ರಿಂದ 4 ಮೈಕ್ರಾನ್. ಒಂದು ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ. ಅಂಥ ಸಂದಿಗೆ ತುಕ್ಕಿನ ಪುಡಿ ಹೋದರೆ ಏನಾಗಬೇಕೋ ಅದೇ ಆಯಿತು. ಪಂಪ್ ರಿಪೇರಿ ಮಾಡುವ ಪಂಪ್ ರೂಮಿನಲ್ಲಿ ಪ್ಲಂಜರ್-ಬ್ಯಾರಲ್ ಜೋಡಿಗಳನ್ನು ಬದಲಾಯಿಸಿ ಕ್ಯಾಲಿಬ್ರೇಶನ್ ಮಾಡಿಸಲು 24 ಸಾವಿರ ಹೋಯಿತು. ಅಲ್ಲಿನ ಹಿರಿಯರು ಈಗಲೂ "ಮೈಕೋ ಪಂಪ್" ಅಂತಲೇ ಅನ್ನುತ್ತಾರೆ. 1951ರಲ್ಲಿ ಶುರುವಾಗಿ ಆಡುಗೋಡಿಯಲ್ಲಿ ಬೆಳೆದ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಅಂತ ಹೆಸರು ಬದಲಾಯಿಸಿತು. ಹಳೇ ಹೆಸರು ಮೈಕೋ ಲೇಔಟ್‌ನಲ್ಲೂ ಮೇಸ್ತ್ರಿಗಳ ಬಾಯಲ್ಲೂ ಉಳಿದಿದೆ.

24 ಸಾವಿರ ಕೊಟ್ಟ ಮೇಲೆ ಯಾರಿಗೂ ಅನಿಸುವುದೇ ಚಿಕ್ಕಪ್ಪನಿಗೂ ಅನಿಸಿತು. "ಇನ್ನೊಂದು ಫಿಲ್ಟರ್ ಹಾಕಿಬಿಡು ಮಗಾ. ಎಷ್ಟು ಸಣ್ಣ ಕಣ ಹಿಡಿಯುತ್ತೋ ಅಷ್ಟು ಒಳ್ಳೇದು."

ನಾನೂ ತಲೆಯಾಡಿಸಿದೆ. 5 ಮೈಕ್ರಾನಿನ, ತಿರುಗಿಸಿ ಕೂರಿಸುವ ಒಂದು ಸ್ಪಿನ್-ಆನ್ ಫಿಲ್ಟರ್ ತಂದೆ. ಟ್ಯಾಂಕಿನಿಂದ ಫೀಡ್ ಪಂಪ್‌ಗೆ ಬರುವ ಪೈಪನ್ನು ಮಧ್ಯದಲ್ಲಿ ಕತ್ತರಿಸಿ, ಚಾಸಿಗೆ ಒಂದು ಪಟ್ಟಿ ಬಿಗಿದು, ಅಲ್ಲೇ ಕೂರಿಸಿಬಿಟ್ಟೆವು. ಜಾಗ ಚೆನ್ನಾಗಿತ್ತು, ಕೈ ಸಿಗುತ್ತಿತ್ತು. ಮುಕ್ಕಾಲು ಗಂಟೆಯ ಕೆಲಸ. ಹತ್ತಿರವಿದ್ದ ಇಬ್ಬರು ಡ್ರೈವರ್‌ಗಳು ಬಂದು ನೋಡಿ ಮೆಚ್ಚಿ ಹೋದರು.

ಎಳೆಯುವ ಕಡೆ, ತಳ್ಳುವ ಕಡೆ

ತಪ್ಪು ಎಲ್ಲಿ ಅಂತ ಹೇಳಬೇಕಾದರೆ ಡೀಸೆಲ್ ಹೋಗುವ ದಾರಿ ತಿಳಿದಿರಬೇಕು. ಟ್ಯಾಂಕು ಕೆಳಗೆ, ಚಾಸಿಯ ಪಕ್ಕದಲ್ಲಿ. ದೊಡ್ಡ ಪಂಪಿನ ಹೊಟ್ಟೆಗೆ ಅಂಟಿಕೊಂಡು ಒಂದು ಪುಟ್ಟ ಫೀಡ್ ಪಂಪ್ ಇದೆ. ಅದು ಟ್ಯಾಂಕಿನಿಂದ ಡೀಸೆಲ್ ಎಳೆದು, ಫಿಲ್ಟರ್ ಕಪ್‌ಗಳ ಮೂಲಕ ದೊಡ್ಡ ಪಂಪಿಗೆ ತಳ್ಳುತ್ತದೆ. ಫೀಡ್ ಪಂಪಿನ ಹಿಂದಿನದು ಎಳೆಯುವ ಕಡೆ, ಮುಂದಿನದು ತಳ್ಳುವ ಕಡೆ.

ತಳ್ಳುವ ಕಡೆ ಫೀಡ್ ಪಂಪಿಗೆ ಒಂದಿಷ್ಟು ಬಲ ಇದೆ. ಸ್ವಲ್ಪ ಅಡ್ಡ ಬಂದರೂ ನೂಕಿಕೊಂಡು ಹೋಗುತ್ತದೆ. ಎಳೆಯುವ ಕಡೆ ಹಾಗಲ್ಲ. ಅಲ್ಲಿ ಡೀಸೆಲನ್ನು ನಿಜವಾಗಿ ತಳ್ಳುವುದು ಟ್ಯಾಂಕಿನೊಳಗಿನ ಗಾಳಿಯ ಒತ್ತಡ. ನಾವು ಸ್ಟ್ರಾ ಹಾಕಿ ಎಳನೀರು ಕುಡಿಯುವ ಹಾಗೆ. ಸ್ಟ್ರಾ ತುದಿಗೆ ತೆಳು ಬಟ್ಟೆ ಕಟ್ಟಿ ಕುಡಿಯಲು ನೋಡಿ, ಕೆನ್ನೆ ಒಳಗೆ ಹೋಗುತ್ತದೆ, ಎಳನೀರು ಬರುವುದಿಲ್ಲ. ಇನ್ನೊಂದು ಮಾತು, ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಮಂಗಳೂರಿನಲ್ಲಿ ಗಾಳಿಯ ಒತ್ತಡ ಪಾದರಸದ 760 ಮಿಲಿಮೀಟರ್ ಇದ್ದರೆ ಇಲ್ಲಿ 680ರ ಆಸುಪಾಸು. ಹತ್ತರಲ್ಲಿ ಒಂದು ಪಾಲು ಬಲ ಮೊದಲೇ ಕಮ್ಮಿ. ಲಾರಿ ನಿಂತದ್ದು ಇದರಿಂದ ಅಂತಲ್ಲ, ಆದರೆ ಕೈಯಲ್ಲಿರುವ ಬಂಡವಾಳ ಎಷ್ಟು ಅಂತ ಗೊತ್ತಿರಲಿ.

ನನ್ನ ಇನ್ನೊಂದು ಲೆಕ್ಕವೂ ತಪ್ಪಿತ್ತು. ಲಾರಿ ಏರಿನಲ್ಲಿ ಗಂಟೆಗೆ ಹೆಚ್ಚೆಂದರೆ 20-25 ಲೀಟರ್ ಕುಡಿಯುತ್ತದೆ ಅಂತ ಅಂದಾಜು ಹಾಕಿ ಅದಕ್ಕೆ ತಕ್ಕ ಫಿಲ್ಟರ್ ತಂದಿದ್ದೆ. ಆದರೆ ಫೀಡ್ ಪಂಪ್ ಕಳಿಸುವುದು ಎಂಜಿನ್ ಕುಡಿಯುವುದಕ್ಕಿಂತ ಎಷ್ಟೋ ಜಾಸ್ತಿ. ಉಳಿದದ್ದು ಪಂಪನ್ನು ತಂಪಾಗಿಟ್ಟು, ಗಾಳಿಯನ್ನು ಹೊರಗೆ ತಳ್ಳಿ, ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ಆಮೇಲೆ ರಿಟರ್ನ್ ಪೈಪನ್ನು ಕ್ಯಾನಿಗೆ ಹಿಡಿದು ಗಡಿಯಾರ ನೋಡಿದೆವು. ಬರೀ ವಾಪಸ್ ಬರುತ್ತಿದ್ದದ್ದೇ ನಿಮಿಷಕ್ಕೆ ಒಂದೂವರೆ ಲೀಟರ್, ಅಂದರೆ ಗಂಟೆಗೆ 90. ಫಿಲ್ಟರ್ ಆರಿಸುವಾಗ ಈ ಎರಡನ್ನೂ ಕೂಡಿಸಬೇಕು. ನಾನು ಕಾಲು ಭಾಗಕ್ಕಿಂತ ಕಮ್ಮಿ ಲೆಕ್ಕ ಹಾಕಿದ್ದೆ.

ಗುಳ್ಳೆ ನೋಡಿ ಮೋಸ ಹೋದದ್ದು

ಲಾರಿಯನ್ನು ಹೇಗೋ ಸಕಲೇಶಪುರ ಹತ್ತಿಸಿ, ಹಾಸನದ ಮೇಲೆ ಬೆಂಗಳೂರಿಗೆ ತಂದರು. ಭಾನುವಾರ ಬೆಳಿಗ್ಗೆ ನಾನು, ಚಿಕ್ಕಪ್ಪ, ಮೇಸ್ತ್ರಿ, ಡ್ರೈವರ್ ಸೇರಿದೆವು.

ಮೇಸ್ತ್ರಿ ಅನುಭವಸ್ಥರು. ಫೀಡ್ ಪಂಪಿನ ಮುಂಚೆ ಒಂದಡಿ ಪೈಪ್ ತೆಗೆದು ಅಲ್ಲಿಗೆ ಪಾರದರ್ಶಕ ಪೈಪ್ ಹಾಕಿದರು. ಎಂಜಿನ್ ವೇಗ ಎತ್ತಿದರೆ ಪೈಪಿನಲ್ಲಿ ಸಾಸಿವೆಯಂಥ ಗುಳ್ಳೆಗಳ ಸಾಲು. "ನೋಡಿ ಸಾರ್, ಏರ್ ಎಳೀತಿದೆ. ನಿಮ್ಮ ಫಿಲ್ಟರ್ ಜಾಯಿಂಟ್."

ಎಳೆಯುವ ಕಡೆಯ ಲೀಕ್ ಅಂದರೆ ತಲೆನೋವು. ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಕಣ್ಣಿಗೆ ಎಲ್ಲ ಒಣಗಿರುತ್ತದೆ. ಹಾಗಾಗಿ ನಂಬಿದೆವು. ಕ್ಲ್ಯಾಂಪ್ ಬದಲಾಯಿಸಿದೆವು, ಕಾಪರ್ ವಾಷರ್ ಬದಲಾಯಿಸಿದೆವು, ಪೈಪ್ ಕೂಡಿಸುವ ಬ್ಯಾಂಜೊ ಬೋಲ್ಟ್ ಬಿಗಿದೆವು. ಮಧ್ಯಾಹ್ನ ಎರಡು ಗಂಟೆಯಾಯಿತು. ಗುಳ್ಳೆ ಹಾಗೇ ಇದೆ.

ಅಷ್ಟರಲ್ಲಿ ನನಗೆ ಒಂದು ವಿಷಯ ಕಂಡಿತು. ಐಡಲ್‌ನಲ್ಲಿ ಗುಳ್ಳೆ ಇಲ್ಲ. ಎಂಜಿನ್ ಎತ್ತಿದಾಗ ಮಾತ್ರ ಬರುತ್ತಿದೆ. ನಿಜವಾದ ಲೀಕ್ ಇದ್ದರೆ ಐಡಲ್‌ನಲ್ಲೂ ಒಂದೆರಡಾದರೂ ಬರಬೇಕಿತ್ತು. ಡೀಸೆಲ್‌ನಲ್ಲಿ ಗಾಳಿ ಕರಗಿರುತ್ತದೆ, ನೂರು ಲೀಟರಿಗೆ ಸುಮಾರು ಹತ್ತು ಲೀಟರ್ ಲೆಕ್ಕದಲ್ಲಿ. ಜೋರಾಗಿ ಎಳೆದರೆ ಅದು ಗುಳ್ಳೆಯಾಗಿ ಹೊರಗೆ ಬರುತ್ತದೆ, ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ. ಹೈಡ್ರಾಲಿಕ್ ಪಂಪಿನಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಇಲ್ಲಿ ಮಾತ್ರ ಹೊಳೆಯಲು ಅರ್ಧ ದಿನ ಬೇಕಾಯಿತು.

ಪೀಣ್ಯಕ್ಕೆ ಹೋಗಿ ವ್ಯಾಕ್ಯೂಮ್ ಗೇಜ್ ತಂದೆ. ಎಳೆತ ಎಷ್ಟು ಬಿಗಿ ಅಂತ ಅದು ತೋರಿಸುತ್ತದೆ, ಅಂಕಿ ಏರಿದಷ್ಟೂ ದಾರಿಯಲ್ಲಿ ಅಡ್ಡ ಜಾಸ್ತಿ. ಫೀಡ್ ಪಂಪಿನ ಬಾಯಿಯ ಹತ್ತಿರ ಒಂದು ಟೀ ಜಾಯಿಂಟ್ ಹಾಕಿ, ಉದ್ದ ಪೈಪಿನಲ್ಲಿ ಗೇಜನ್ನು ಕ್ಯಾಬಿನ್‌ಗೆ ಎಳೆದೆವು. ಲೋಡ್ ಇನ್ನೂ ಇಳಿಸಿರಲಿಲ್ಲ, ಒಳ್ಳೆಯದೇ ಆಯಿತು. ತುಮಕೂರು ರಸ್ತೆಯಲ್ಲಿ ದಾಬಸ್‌ಪೇಟೆ ಕಡೆಗೆ ಒಂದು ಗಂಟೆ ಓಡಿಸಿದೆವು. ಹೊರಟಾಗ ಸೂಜಿ ಪಾದರಸದ 6 ಇಂಚಿನ ಮೇಲಿತ್ತು. ಆಮೇಲೆ 7, 9. ಒಂದು ಗಂಟೆ ಆಗುವಷ್ಟರಲ್ಲಿ 11. ಲಾರಿ ಸೊರಗಲು ಶುರು.

ಇಲ್ಲಿ ನಾವೆಲ್ಲರೂ ಗೇಜಿಗೆ ಕಣ್ಣು ಕೀಲಿಸಿ ಕೂತಿದ್ದೆವು. ಕಟ್ಟಿಕೊಂಡ ಫಿಲ್ಟರ್ ಆದರೆ ಒಂದು ಗಂಟೆಯಲ್ಲಿ ಇಷ್ಟು ಏರುವುದಿಲ್ಲ. ಏನೋ ನಿಧಾನವಾಗಿ ಬಿಗಿಯಾಗುತ್ತಿದೆ. ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಎತ್ತಿ ಹಿಡಿದು, ಮೇಸ್ತ್ರಿ ಟ್ಯಾಂಕಿನ ಮುಚ್ಚಳ ತಿರುಗಿಸಿದರು.

ಸುಸ್ಸ್ ಅಂತ ಗಾಳಿ ಒಳಗೆ ನುಗ್ಗಿತು. ಸೂಜಿ 11ರಿಂದ 6.5ಕ್ಕೆ ಇಳಿಯಿತು.

ಡ್ರೈವರ್ ಮುಖ ಕೆಂಪಾಯಿತು. ಆಗಸ್ಟಿನಲ್ಲಿ ಡೀಸೆಲ್ ಕಳ್ಳತನ ಆಯಿತು ಅಂತ ಹಳೇ ಮುಚ್ಚಳ ತೆಗೆದು ಬೀಗದ ಮುಚ್ಚಳ ಹಾಕಿದ್ದರು. ಅದು ಸರಿಯಾಗಿ ಕೂರದೆ ಮಳೆನೀರು ಇಳಿಯುತ್ತಿತ್ತು. ನೀರು ಬಂದದ್ದು ಅಲ್ಲಿಂದಲೇ. ಪಂಪ್ ಕೆಲಸ ಆದ ಮೇಲೆ, ಇನ್ನು ನೀರು ಇಳಿಯಬಾರದು ಅಂತ ಡ್ರೈವರ್ ಹಳೇ ಟೈರ್ ಟ್ಯೂಬ್ ಕತ್ತರಿಸಿ ಮುಚ್ಚಳದ ಅಡಿಗೆ ಗುಂಡಗೆ ಕೂರಿಸಿದ್ದರು. ಒಳ್ಳೆ ಮನಸ್ಸಿನಿಂದಲೇ ಮಾಡಿದ್ದು. ನೀರು ನಿಂತಿತು. ಅದರ ಜೊತೆ ಟ್ಯಾಂಕಿನ ಉಸಿರೂ ನಿಂತಿತು.

ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿದೆ. 160 ಲೀಟರಿನ ಟ್ಯಾಂಕು, ಅರ್ಧ ಖಾಲಿ, ಅಂದರೆ 80 ಲೀಟರ್ ಗಾಳಿ. ಒಂದು ಗಂಟೆಯಲ್ಲಿ 16 ಲೀಟರ್ ಡೀಸೆಲ್ ಖರ್ಚು. ಅದೇ ಗಾಳಿ ಈಗ 96 ಲೀಟರ್ ಜಾಗ ತುಂಬಬೇಕು. 680 ಮಿಲಿಮೀಟರ್ ಇದ್ದ ಒತ್ತಡ 567ಕ್ಕೆ ಬೀಳುತ್ತದೆ. ವ್ಯತ್ಯಾಸ 113 ಮಿಲಿಮೀಟರ್, ಅಂದರೆ ನಾಲ್ಕೂವರೆ ಇಂಚು. ಗೇಜ್ ಹೇಳಿದ್ದೂ ಅದೇ. ಏರ್ ತೆಗೆದ ಮೇಲೆ ಎರಡು ಕಿಲೋಮೀಟರ್ ಓಡುತ್ತಿದ್ದುದು ಏಕೆ ಅನ್ನುವುದಕ್ಕೂ ಉತ್ತರ ಸಿಕ್ಕಿತು. ಪ್ರತಿ ಸಲ ನಿಂತಾಗ ಡ್ರೈವರ್ ಟ್ಯಾಂಕಿನಲ್ಲಿ ಡೀಸೆಲ್ ಇದೆಯಾ ಅಂತ ಮುಚ್ಚಳ ತೆಗೆದು ಕೋಲು ಇಳಿಸಿ ನೋಡುತ್ತಿದ್ದರಂತೆ.

ಮುಚ್ಚಳ ತೆರೆದೂ 6.5 ಅಂದರೆ ಜಾಸ್ತಿಯೇ. ಟ್ಯಾಂಕಿನ ಪೈಪ್ ಬಿಟ್ಟು, ಶುದ್ಧ ಡೀಸೆಲ್ ಇರುವ ಕ್ಯಾನಿನಿಂದ ಎಳೆಸಿದೆವು. 4.5ಕ್ಕೆ ಬಂತು. ಟ್ಯಾಂಕಿನೊಳಗೂ ಏನೋ ಅಡ್ಡ ಇದೆ ಅಂತಾಯಿತು. ಕೊನೆಗೆ ನನ್ನ 5 ಮೈಕ್ರಾನ್ ಫಿಲ್ಟರನ್ನೂ ಬಿಟ್ಟು ನೇರ ಪೈಪ್ ಹಾಕಿದೆವು. 1.5. ನನ್ನ ಪಾಲು 3 ಇಂಚು. ಮುಚ್ಚಳದ್ದು ನಾಲ್ಕೂವರೆ, ಟ್ಯಾಂಕಿನೊಳಗಿನದು 2.

"ಅಂದ್ರೆ ನಿನ್ನದು ಎರಡನೇ ಸ್ಥಾನ" ಅಂದರು ಚಿಕ್ಕಪ್ಪ. ಅವರು ಆ ದಿನ ಆಡಿದ ಮೊದಲ ತಮಾಷೆ ಅದು.

ಟ್ಯಾಂಕಿನೊಳಗೆ

ಕಲಾಸಿಪಾಳ್ಯದ ಹತ್ತಿರ ಟ್ಯಾಂಕ್ ಕೆಲಸ ಮಾಡುವವರ ಬಳಿ ಇಳಿಸಿಕೊಂಡು ಹೋದೆವು. ಎಳೆಯುವ ಪೈಪಿನ ತುದಿಯಲ್ಲಿದ್ದ ಜಾಲರಿಯ ಮುಕ್ಕಾಲು ಭಾಗಕ್ಕೆ ಕಂದು ಲೋಳೆ ಮೆತ್ತಿತ್ತು. ಡ್ರೈವರ್‌ಗಳು ಇದನ್ನು ಪಾಚಿ ಅನ್ನುತ್ತಾರೆ. ಪಾಚಿಗೆ ಬೆಳಕು ಬೇಕು, ಟ್ಯಾಂಕಿನೊಳಗೆ ಎಲ್ಲಿ ಬೆಳಕು? ಇವು ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾ. ನೀರೂ ಡೀಸೆಲೂ ಸೇರುವ ಗೆರೆಯಲ್ಲಿ ಬದುಕುತ್ತವೆ, ಡೀಸೆಲನ್ನೇ ತಿನ್ನುತ್ತವೆ. ನೀರಿಲ್ಲದಿದ್ದರೆ ಬೆಳೆಯುವುದಿಲ್ಲ. ಒಳಗೆ ಜಲ್ಲಿ, ಸೋಪಿನ ಬಿಸಿನೀರು ಹಾಕಿ ಕುಲುಕಿ, ಮೂರು ಸಲ ತೊಳೆದು, ಒಣಗಿಸಿ, ಡೀಸೆಲ್‌ನಿಂದ ಜಾಲಾಡಿಸಿ ಕೊಟ್ಟರು. ತುಕ್ಕಿನ ಪುಡಿ ಒಂದು ಟೀ ಲೋಟದಷ್ಟು ಬಂತು.

ರಾತ್ರಿ ನಿಲ್ಲಿಸುವಾಗ ಟ್ಯಾಂಕ್ ತುಂಬಿಸಿಡಿ, ಆಗ ಗಾಳಿಯ ತೇವ ಒಳಗೆ ನೀರಾಗುವುದಿಲ್ಲ ಅಂತ ಎಲ್ಲ ಕಡೆ ಬರೆದಿರುತ್ತದೆ. ಸರಿಯಾದ ಮಾತು. ಆದರೆ ಟ್ರಿಪ್ ಅಡ್ವಾನ್ಸ್‌ನಲ್ಲಿ ಬಂದ ದುಡ್ಡಿಗೆ ಡೀಸೆಲ್ ಹಾಕಿಸುವ ಲಾರಿ, ಲೋಡು ಸಿಗುವವರೆಗೆ ನಾಲ್ಕು ದಿನ ನಿಲ್ಲುತ್ತದೆ. ತುಂಬಿಸುವ ದುಡ್ಡು ಯಾರು ಕೊಡುತ್ತಾರೆ? ತುಂಬಿಸಿದರೆ ಕಾಯುವವರು ಯಾರು? ಹಾಗಾಗಿ ನೀರು ಒಂದಿಷ್ಟು ಬಂದೇ ಬರುತ್ತದೆ ಅಂತ ಒಪ್ಪಿಕೊಂಡೇ ಫಿಲ್ಟರ್ ಆರಿಸಬೇಕಾಯಿತು.

ಯಾವುದನ್ನು ಆರಿಸಿದೆವು, ಏಕೆ

ಜೆ.ಸಿ. ರಸ್ತೆಯಲ್ಲಿ ನಾಲ್ಕು ಅಂಗಡಿ ಸುತ್ತಿದೆ. ಮೊದಲ ಅಂಗಡಿಯಲ್ಲಿ ಮೈಕ್ರಾನ್ ಎಷ್ಟು ಅಂತ ಕೇಳಿದರೆ, "ಸಾರ್, ಓಡೋ ಮಾಲು ಇದು, ತಗೊಳ್ಳಿ" ಅಂದರು. ಎರಡನೆಯವರು ಪೆಟ್ರೋಲ್ ಕಾರಿನ ಪುಟ್ಟ ಪ್ಲಾಸ್ಟಿಕ್ ಫಿಲ್ಟರ್ ಕೊಡಲು ಬಂದರು. ಲಾರಿಯ ಕುಲುಕಾಟಕ್ಕೆ, ಅಷ್ಟು ಡೀಸೆಲ್ ಹರಿವಿಗೆ ಅದು ಆಟಿಕೆ.

ಎಳೆಯುವ ಕಡೆಗೆ ಬೇಕಿದ್ದದ್ದು ನೀರು ಬೇರ್ಪಡಿಸುವ ದಪ್ಪ ಜಾಲರಿಯ ಫಿಲ್ಟರ್. ಮಾತಿಗೆ ವಾಟರ್ ಸೆಪರೇಟರ್. ಇದರ ಕೆಲಸ ಸಣ್ಣ ಕಣ ಹಿಡಿಯುವುದಲ್ಲ. ನೀರನ್ನು ತಳಕ್ಕೆ ಇಳಿಸುವುದು, ತುಕ್ಕಿನ ದಪ್ಪ ಪುಡಿ ತಡೆಯುವುದು, ಮತ್ತು ಮುಖ್ಯವಾಗಿ ಎಳೆತಕ್ಕೆ ಅಡ್ಡ ಬಾರದಿರುವುದು. 30 ಮೈಕ್ರಾನ್ ಸಾಕು. ವಿದೇಶಿ ರೇಕರ್ ಟರ್ಬೈನ್ ಮಾದರಿಯಲ್ಲಿ ಎಲಿಮೆಂಟಿನ ಬಣ್ಣ ನೋಡಿಯೇ ಹೇಳಬಹುದು: ಕೆಂಪು 30, ನೀಲಿ 10, ಕಂದು 2. ಮಾಲು ಚೆನ್ನಾಗಿದೆ, ಆದರೆ ಎಲಿಮೆಂಟ್ ನೆಲ್ಯಾಡಿಯಲ್ಲೋ ಚನ್ನರಾಯಪಟ್ಟಣದಲ್ಲೋ ಸಿಗುತ್ತದಾ? ನನ್ನ ಪ್ರಕಾರ ಹಳೇ ಲಾರಿಗೆ ಫಿಲ್ಟರ್ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆಯೇ ಇದು. ಹಾಗಾಗಿ ಊರೂರಲ್ಲಿ ಎಲಿಮೆಂಟ್ ಸಿಗುವ, ಕೆಳಗೆ ಪಾರದರ್ಶಕ ಕಪ್ ಮತ್ತು ಡ್ರೈನ್ ತಿರುಪು ಇರುವ, ಗಂಟೆಗೆ 200 ಲೀಟರ್ ಹರಿವು ಬರೆದಿರುವ ದೇಸಿ ಮಾಲು ತಗೊಂಡೆ.

ಸಣ್ಣ ಕಣ ಹಿಡಿಯುವ 5 ಮೈಕ್ರಾನಿನದು ತಳ್ಳುವ ಕಡೆಗೆ. ಮೊದಲು ತಂದಿದ್ದು ಚಿಕ್ಕದು, ಅದನ್ನು ಬದಿಗಿಟ್ಟು ದೊಡ್ಡ ಅಳತೆಯದು ತಂದೆ. ಮೈಕ್ರಾನ್ ಸಂಖ್ಯೆ ಒಂದನ್ನೇ ನೋಡಿ ನಂಬಬೇಡಿ. "5 ಮೈಕ್ರಾನ್" ಅಂತ ಬರೆದ ಒಂದು ಫಿಲ್ಟರ್ ಆ ಗಾತ್ರದ ಕಣಗಳಲ್ಲಿ ಅರ್ಧ ಹಿಡಿದು ಅರ್ಧ ಬಿಡಬಹುದು, ಇನ್ನೊಂದು ಬಹುಪಾಲು ಎಲ್ಲವನ್ನೂ ಹಿಡಿಯಬಹುದು. ಡಬ್ಬದ ಮೇಲೆ ಬೀಟಾ ಅಂತ ಒಂದು ಅಂಕಿ ಇದ್ದರೆ ನೋಡಿ. ಬೀಟಾ 200 ಅಂದರೆ 200 ಕಣ ಬಂದರೆ ದಾಟುವುದು ಒಂದೇ, ಶೇ. 99.5 ಹಿಡಿಯುತ್ತದೆ. ಬೀಟಾ 2 ಅಂದರೆ ಅರ್ಧಕ್ಕರ್ಧ.

ಅದನ್ನು ಹಳೇ ಎರಡು ಕಪ್‌ಗಳ ಮುಂಚೆ ಹಾಕಬೇಕೋ ಆಮೇಲೆ ಹಾಕಬೇಕೋ ಅಂತ ನನಗೂ ಮೇಸ್ತ್ರಿಗೂ ಚೆನ್ನಾಗಿ ವಾದ ಆಯಿತು. ಮೇಸ್ತ್ರಿ ಹೇಳಿದ್ದು, "ಕೊನೇಲಿ ಹಾಕಿದ್ರೆ, ಬದಲಾಯಿಸುವಾಗ ಬೀಳೋ ಕಸ ಸೀದಾ ಪಂಪಿಗೆ ಹೋಗುತ್ತೆ ಸಾರ್." ಮಾತು ನಿಜ. ಆದರೆ ಮೊದಲೇ ಹಾಕಿದರೆ ದಪ್ಪ ಕಸವೆಲ್ಲ ದುಬಾರಿ ಫಿಲ್ಟರಿಗೇ ತುಂಬುತ್ತದೆ, ಅದರ ಆಮೇಲಿನ ಬಟ್ಟೆ-ಪೇಪರ್‌ಗೆ ಕೆಲಸವೇ ಇರುವುದಿಲ್ಲ. ಕೊನೆಗೇ ಹಾಕಿದೆವು, ಬದಲಾಯಿಸುವ ಕ್ರಮದ ಬಗ್ಗೆ ಒಂದು ಕಟ್ಟುನಿಟ್ಟು ಮಾಡಿಕೊಂಡು. ಹೊಸ ಫಿಲ್ಟರಿಗೆ ಮೇಲಿನಿಂದ ಡೀಸೆಲ್ ಸುರಿದು ತುಂಬಿಸುವ ಅಭ್ಯಾಸ ಎಲ್ಲರಿಗೂ ಇದೆ. ಮಧ್ಯದ ದೊಡ್ಡ ತೂತಿಗೆ ಸುರಿದ ಡೀಸೆಲ್ ಸೋಸದೆ ನೇರ ಪಂಪಿಗೆ ಹೋಗುತ್ತದೆ. ಹಾಗಾಗಿ ಖಾಲಿಯೇ ಹಾಕಿ, ಕೈ ಪ್ರೈಮರ್ (ಕೈಯಲ್ಲಿ ಒತ್ತುವ ಪುಟ್ಟ ಪಂಪ್) ಒತ್ತಿ ತುಂಬಿಸುವುದು. ಕೈ ನೋಯುತ್ತದೆ, ಅಷ್ಟೇ.

ಕೂರಿಸಿದ್ದು

ಸೆಪರೇಟರನ್ನು ಟ್ಯಾಂಕಿನ ಪಕ್ಕ ಚಾಸಿಗೆ, ಹಿಂದಿನ ಚಕ್ರದ ಕಲ್ಲು ಸಿಡಿಯದ ಜಾಗದಲ್ಲಿ ಬಿಗಿದೆವು. ಕೆಳಗೆ ಬಾಟಲಿ ಹಿಡಿಯುವಷ್ಟು ಜಾಗ ಬಿಟ್ಟೆವು. ಪೈಪಿನ ಒಳ ಅಳತೆ ಹಳೆಯದಕ್ಕಿಂತ ಎಲ್ಲೂ ಚಿಕ್ಕದಾಗಬಾರದು. ಮೊದಲ ಸಲ ನಾನು ಹಾಕಿದ ಎಲ್ಬೋ ಒಂದರ ಒಳ ತೂತು ಪೆನ್ಸಿಲ್‌ಗಿಂತ ಸಣ್ಣದಿತ್ತು, ಅದನ್ನು ಬಿಸಾಡಿದೆವು. ಜಿಐ ಫಿಟ್ಟಿಂಗ್ ಬೇಡ ಅಂತಲೂ ತೀರ್ಮಾನಿಸಿದೆವು. ಸತು ಲೇಪ ಡೀಸೆಲ್ ಜೊತೆ ಸೇರಿ ಅಂಟು ಮಾಡುತ್ತದೆ. ಟೆಫ್ಲಾನ್ ಟೇಪನ್ನು ಮೇಸ್ತ್ರಿ ಜೇಬಿನಿಂದ ತೆಗೆದರು, ನಾನು ವಾಪಸ್ ಇಡಿಸಿದೆ. ಅದರ ಎಳೆ ಕಿತ್ತುಕೊಂಡು ಹೋಗಿ ಸಿಕ್ಕಿಕೊಂಡರೆ ಹುಡುಕಲು ಇನ್ನೊಂದು ಭಾನುವಾರ ಬೇಕು. ಕಾಪರ್ ವಾಷರ್ ಹಳೆಯದಾದರೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿ ಮೆತ್ತಗೆ ಮಾಡಿ ಬಳಸುವುದು ಮೇಸ್ತ್ರಿಗಳ ಹಳೇ ವಿದ್ಯೆ. ಅದು ಸರಿಯಾದ ವಿದ್ಯೆ. ಆದರೂ ಹೊಸದೇ ಹಾಕಿದೆವು.

ತಳ್ಳುವ ಕಡೆಯ ಫಿಲ್ಟರ್ ಚಾಸಿ ಮೇಲೆ, ಎಂಜಿನ್ ಅದರ ರಬ್ಬರ್ ಮೌಂಟಿಂಗ್ ಮೇಲೆ. ಎರಡೂ ಬೇರೆ ಬೇರೆ ಕುಣಿಯುತ್ತವೆ. ನಡುವೆ ಗಟ್ಟಿ ಪೈಪ್ ಹಾಕಿದರೆ ಬಿರುಕು ಬಿಡುತ್ತದೆ, ಅದಕ್ಕೇ ಡೀಸೆಲ್‌ಗೆಂದೇ ಮಾಡಿದ ರಬ್ಬರ್ ಹೋಸ್. ಸೈಲೆನ್ಸರ್ ಕಡೆಗೆ ಹೋಗದಂತೆ ಎಡಕ್ಕೆ ತಿರುಗಿಸಿದೆವು. ಈ ಕಡೆ ಲೀಕ್ ಆದರೆ ಡೀಸೆಲ್ ಹೊರಗೇ ಚಿಮ್ಮುತ್ತದೆ, ಬಿಸಿ ಕಬ್ಬಿಣದ ಮೇಲೆ ಬೀಳಬಾರದು.

ಏರ್ ತೆಗೆದದ್ದು ಸಾಲಾಗಿ: ಸೆಪರೇಟರ್, ಕಪ್‌ಗಳು, ಹೊಸ ಫಿಲ್ಟರ್, ಪಂಪಿನ ತಿರುಪು. ಕೊನೆಗೆ ಎರಡು ನಾಜಲ್ ನಟ್ ಸಡಿಲಿಸಿ ಸೆಲ್ಫ್ ಹೊಡೆದೆವು. ಮೂರನೇ ಸಲಕ್ಕೆ ಸ್ಟಾರ್ಟ್.

ಟ್ಯಾಂಕಿಗೆ ಉಸಿರಾಡುವ ತೂತಿರುವ ಬೀಗದ ಮುಚ್ಚಳ ಹಾಕಿದೆವು. ಇಡೀ ಕೆಲಸದಲ್ಲಿ ಅತಿ ಅಗ್ಗದ್ದು ಅದೇ, ಚಿಕ್ಕಪ್ಪ ಲೆಕ್ಕಕ್ಕೂ ಹಿಡಿಯಲಿಲ್ಲ. ಉಳಿದದ್ದು: ಸೆಪರೇಟರ್ 3,200, ಕೊನೆಯ ಫಿಲ್ಟರ್ ತಲೆ ಸಮೇತ 1,450, ಹೋಸ್ 900, ವಾಷರ್ ಕ್ಲ್ಯಾಂಪ್ 150, ಟ್ಯಾಂಕ್ ತೊಳೆದದ್ದು 1,500, ಮೇಸ್ತ್ರಿಗೆ 1,200. ಒಟ್ಟು 8,400 ರೂಪಾಯಿ.

ಆಮೇಲೆ

ಅದೇ ಲೋಡು, ಅದೇ ರಸ್ತೆ, ಗೇಜ್ ಕ್ಯಾಬಿನ್‌ನಲ್ಲಿ. ಸೂಜಿ 2 ಇಂಚಿನ ಮೇಲೆ ನಿಂತಿತು, ಒಂದು ಗಂಟೆಯಾದರೂ ಅಲ್ಲೇ. ಪಾರದರ್ಶಕ ಪೈಪಿನಲ್ಲಿ ಒಂದು ಗುಳ್ಳೆ ಇಲ್ಲ. ದೊಡ್ಡ ಪಂಪಿನ ಬಾಯಲ್ಲಿ ಒತ್ತಡ ಮೊದಲು ಅರ್ಧ ಬಾರ್ ಇದ್ದದ್ದು ಈಗ 1.3.

ಮೊದಲ ವಾರ ಸೆಪರೇಟರಿನಿಂದ ದಿನಾ ಒಂದೊಂದು ಚಮಚ ನೀರು ಬಂತು. ತೊಳೆದರೂ ಮೂಲೆಯಲ್ಲಿ ಉಳಿದಿತ್ತೇನೋ. ಆಮೇಲೆ ನಿಂತಿತು. ಈಗ ಮಳೆ ಬಂದ ಮರುದಿನ ಒಂದೆರಡು ಹನಿ, ಅಷ್ಟೇ. ಡ್ರೈನ್ ತೆಗೆಯುವುದು ಬೆಳಿಗ್ಗೆ, ಎಂಜಿನ್ ಸ್ಟಾರ್ಟ್ ಮಾಡುವ ಮುಂಚೆ. ಓಡುವಾಗ ತೆಗೆದರೆ ನೀರು ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಡ್ರೈವರ್ ಒಂದು ಸಲ ಮಾಡಿ ನೋಡಿ ಕಲಿತರು.

ಸೆಪರೇಟರಿನ ಮೊದಲ ಎಲಿಮೆಂಟನ್ನು 4,000 ಕಿಲೋಮೀಟರಿಗೇ ಬದಲಾಯಿಸಿದೆವು. ಕತ್ತರಿಸಿ ನೋಡಿದರೆ ಮಡಿಕೆಗಳಲ್ಲಿ ಕಂದು ಪುಡಿ. ಎರಡನೆಯದು 15,000 ಓಡಿತು. ಕೊನೆಯ 5 ಮೈಕ್ರಾನಿನದು ಅಷ್ಟಾಗಿ ಕೊಳೆಯಾಗಿರಲಿಲ್ಲ. ಮೈಲೇಜ್ 4.6 ಇದ್ದದ್ದು 4.9 ಆಗಿದೆ. ಫಿಲ್ಟರಿಂದ ಅಂತ ಚಿಕ್ಕಪ್ಪ ಎಲ್ಲರಿಗೂ ಹೇಳುತ್ತಾರೆ. ನನ್ನ ಪ್ರಕಾರ ಅದು 24 ಸಾವಿರ ಕೊಟ್ಟು ಸರಿಮಾಡಿಸಿದ ಪಂಪಿನದು. ಅದಕ್ಕೆ ಈಗ ಹೊಟ್ಟೆ ತುಂಬ ಡೀಸೆಲ್ ಸಿಗುತ್ತಿದೆ.

ಟೀ ಜಾಯಿಂಟನ್ನು ತೆಗೆಯಲಿಲ್ಲ, ಬಿರಡೆ ಹಾಕಿ ಬಿಟ್ಟಿದ್ದೇವೆ. ಗೇಜ್ ಡ್ರೈವರ್ ಸೀಟಿನ ಕೆಳಗಿನ ಡಬ್ಬದಲ್ಲಿದೆ, ಜೊತೆಗೆ ಒಂದು ಸ್ಪೇರ್ ಎಲಿಮೆಂಟ್. ತಿಂಗಳಿಗೊಮ್ಮೆ ಡ್ರೈವರ್ ತಾವೇ ಸಿಕ್ಕಿಸಿ, ಎಂಜಿನ್ ಎತ್ತಿ, ಸೂಜಿಯ ಫೋಟೊ ವಾಟ್ಸಾಪ್‌ಗೆ ಕಳಿಸುತ್ತಾರೆ. 5 ದಾಟಿದರೆ ಎಲಿಮೆಂಟ್ ಬದಲಾಯಿಸುವುದು ಅಂತ ಹೇಳಿಟ್ಟಿದ್ದೇನೆ. ಮೊನ್ನೆ ಸಕಲೇಶಪುರದಿಂದ ಬಂದ ಫೋಟೊದಲ್ಲಿ ಎರಡೂವರೆ ಇತ್ತು.